ಕ್ಯಾನ್ಸಸ್ ಬಯಲಲ್ಲಿ ಮಾಮಾನ ಜೊತೆ ಸೈಕಲ್

ಅಮೆರಿಕವನ್ನು ಸೈಕಲ್ ಮೇಲೆ ಅಡ್ಡ ದಾಟುವವರಿಗೆ ಟ್ರಾನ್ಸ್‌ಅಮೆರಿಕಾ ಟ್ರೈಲ್ ಅಂತ ಒಂದು ಹಳೇ ದಾರಿ ಇದೆ. 1976ರಲ್ಲಿ, ದೇಶದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದಾಗ, ಸಾವಿರಾರು ಜನ ಸೈಕಲ್ ಹತ್ತಿ ಹೊರಟು ಶುರು ಮಾಡಿದ್ದು. ಪೂರ್ವದ ವರ್ಜೀನಿಯಾದಿಂದ ಪಶ್ಚಿಮದ ಆರೆಗಾನ್ ತನಕ ಸುಮಾರು 6,800 ಕಿ.ಮೀ. ಹೋಗಿ ಬಂದವರನ್ನು ಕೇಳಿ ನೋಡಿ. ರಾಕಿ ಪರ್ವತ, ಯೆಲ್ಲೋಸ್ಟೋನ್ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ನಡುವೆ ಬರುವ ಕ್ಯಾನ್ಸಸ್ ರಾಜ್ಯ ಅಂದರೆ ಮುಖ ಸಿಂಡರಿಸುತ್ತಾರೆ. ಗಾಳಿ, ಬಯಲು, ಮತ್ತೆ ಗಾಳಿ. ನೋಡೋಕೆ ಏನೂ ಇಲ್ಲ ಅಂತ.

ನಾವು ಹೋದದ್ದು ಆ 'ಏನೂ ಇಲ್ಲದ' ಭಾಗಕ್ಕೆ ಮಾತ್ರ. ಇದಕ್ಕೆ ಕಾರಣ ನನ್ನ ಸೋದರಮಾವ. ಮಾಮಾ ಅಂತ ಕರೆಯೋದು. ಹುಟ್ಟಿದ್ದು ತಾಳಿಕೋಟಿ ಕಡೆ, ಡೋಣಿ ಹೊಳೆಯ ಎರೆ ಹೊಲಗಳ ನಡುವೆ. ಡೋಣಿ ಹರಿದರೆ ಓಣೆಲ್ಲಾ ಕಾಳು ಅಂತಾರಲ್ಲ, ಆ ಸೀಮೆ. ಕ್ಯಾನ್ಸಸ್‌ನ ವಿಚಿಟಾ ನಗರದ ವಿಮಾನ ಕಾರ್ಖಾನೆಯಲ್ಲಿ ದುಡಿದು ಈಗ ನಿವೃತ್ತಿ. "ಬಯಲಾಗ ಏನೂ ಇಲ್ಲ ಅನ್ನಾವ ಎಂದೂ ಹೊಲ ಮಾಡಿಲ್ಲಂತ ತಿಳಿ" ಅನ್ನೋದು ಅವರ ವಾದ. ಷಿಕಾಗೋದಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ನಾನು ಎಂದೂ ಹೊಲ ಮಾಡಿದವನಲ್ಲ. ಹಾಗಾಗಿ ವಾದ ಮಾಡೋಕೆ ಆಗಲಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ ಹೊರಟೆವು. ಜೂನ್‌ನಲ್ಲಿ ಬಂದರೆ ಗೋಧಿ ಕೊಯ್ಲು ನೋಡಬಹುದು, ಆದರೆ ಬಿಸಿಲು ತಲೆ ಒಡೆಯುತ್ತೆ. ಸೆಪ್ಟೆಂಬರ್‌ನಲ್ಲಿ ಹುಲ್ಲು ಪೂರಾ ಎತ್ತರಕ್ಕೆ ಬಂದಿರುತ್ತೆ, ಜೋಳ ಕೆಂಪಾಗಿರುತ್ತೆ. ಹೌದು, ಜೋಳ. ಅದರ ವಿಷಯ ಮುಂದೆ ಬರುತ್ತೆ. ಪೂರ್ವದ ಯುರೇಕಾದಿಂದ ಪಶ್ಚಿಮಕ್ಕೆ, ಕೊಲರಾಡೋ ಗಡಿ ದಾಟಿ ಈಡ್ಸ್ ಊರಿನ ತನಕ, ಸುಮಾರು 650 ಕಿ.ಮೀ.

ಶನಿವಾರ: ಯುರೇಕಾದಿಂದ ಕ್ಯಾಸೊಡೇ

ಅತ್ತೆ ವಿಚಿಟಾದಿಂದ ಕಾರಲ್ಲಿ ಕರೆತಂದು ಯುರೇಕಾದಲ್ಲಿ ಬಿಟ್ಟರು. ಸೈಕಲ್ಲಿನ ಎರಡೂ ಬದಿ ಚೀಲ, ಹಿಂದೆ ಟೆಂಟು. ಮಾಮಾನ ಒಂದು ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ದನದ ಮಾಂಸದ ಸೀಮೆಯಲ್ಲಿ ಸಸ್ಯಾಹಾರಿ ಏನು ತಿನ್ನಬೇಕು ಅನ್ನೋದಕ್ಕೆ ಅವರು ವರ್ಷಗಳ ಹಿಂದೆಯೇ ಕಂಡುಕೊಂಡ ಉತ್ತರ ಅದು. ಕೆಡೋದಿಲ್ಲ, ಬಿಸಿ ಮಾಡಬೇಕಿಲ್ಲ. ಯಾವ ಊರಿನ ಅಂಗಡಿಯಲ್ಲಾದರೂ ಒಂದು ಡಬ್ಬಿ ಮೊಸರು ಸಿಕ್ಕರೆ ಊಟ ಮುಗಿಯಿತು.

ರೊಸಾಲಿಯಾ ಹತ್ತಿರ ದೊಡ್ಡ ರಸ್ತೆ ಬಿಟ್ಟು ಉತ್ತರಕ್ಕೆ ತಿರುಗಿದೆವು. ಅಲ್ಲಿಂದ ಫ್ಲಿಂಟ್ ಹಿಲ್ಸ್. ಬೆಟ್ಟ ಅಂತ ಕರೆಯೋಕೆ ಮನಸ್ಸು ಬರಲ್ಲ. ನೆಲ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ರಸ್ತೆ ಮಾಡೋಕೆ ದಿಬ್ಬ ಕಡಿದ ಕಡೆ ಒಳಗಿನ ಪದರ ಕಾಣುತ್ತೆ: ಸುಣ್ಣದ ಕಲ್ಲು, ಅದರ ನಡುವೆ ಚಕಮಕಿ ಕಲ್ಲಿನ ಚೂರುಗಳು. ಈ ಕಲ್ಲಿನಿಂದಲೇ ಇಲ್ಲಿನ ಹುಲ್ಲು ಉಳಿದದ್ದು. ಒಂದು ಕಾಲಕ್ಕೆ ಉತ್ತರ ಅಮೆರಿಕದ ನಡುಭಾಗದಲ್ಲೆಲ್ಲ ಎತ್ತರದ ಹುಲ್ಲಿನ ಪ್ರೇರಿ ಹರಡಿತ್ತು. ನೇಗಿಲು ಬಂದಮೇಲೆ ಹೆಚ್ಚುಕಮ್ಮಿ ಎಲ್ಲ ಮೆಕ್ಕೆಜೋಳ, ಸೋಯಾ ಹೊಲವಾಯಿತು. ಉಳಿದದ್ದು 100ಕ್ಕೆ 4 ಭಾಗಕ್ಕಿಂತ ಕಡಿಮೆ. ಅದರಲ್ಲಿ ಹೆಚ್ಚಿನದು ಇಲ್ಲೇ ಇದೆ, ನೇಗಿಲಿಗೆ ಈ ಕಲ್ಲು ಬಗ್ಗಲಿಲ್ಲ ಅಂತ.

ಮಾಮಾ ಸೈಕಲ್ ನಿಲ್ಲಿಸಿ ಬೇಲಿ ಹತ್ತಿರ ಹೋದರು. ಹುಲ್ಲು ಅವರ ಭುಜಕ್ಕೆ ಬರುತ್ತಿತ್ತು. ಬಿಗ್ ಬ್ಲೂಸ್ಟೆಮ್ ಅನ್ನೋ ಹುಲ್ಲಿನ ತೆನೆ ಮೂರು ಕವಲು. ಅದಕ್ಕೇ ದನಗಾಹಿಗಳು ಟರ್ಕಿ ಕೋಳಿಯ ಪಾದ ಅಂತ ಕರೀತಾರೆ. ದಂಟು ಬುಡದಲ್ಲಿ ನೀಲಿ ಹಸಿರು, ಮೇಲಕ್ಕೆ ಬರ್ತಾ ತಾಮ್ರದ ಬಣ್ಣ. ಪಕ್ಕದಲ್ಲಿ ಇನ್ನೊಂದು ಜಾತಿ, ತೆನೆ ಬಂಗಾರದ ಬಣ್ಣದ್ದು, ತುಪ್ಪಳದ ಹಾಗೆ ಮೆತ್ತಗೆ.

"ಇದು ಜೋಳದ ಬೀಗರ ಪೈಕಿ" ಅಂದರು ಮಾಮಾ.

ಇಂಡಿಯನ್ ಗ್ರಾಸ್ ಅನ್ನೋ ಹುಲ್ಲು ಅದು. ಫೋನಲ್ಲಿ ನೋಡಿದೆ. ಶಾಸ್ತ್ರೀಯ ಹೆಸರು ಸೊರ್ಗಾಸ್ಟ್ರಮ್. ಜೋಳದ್ದು ಸೊರ್ಗಮ್. ಬ್ಲೂಸ್ಟೆಮ್ ಕೂಡ ಅದೇ ಬಳಗ. ಮಾಮಾ ಫೋನ್ ನೋಡಿರಲಿಲ್ಲ, ಎಲೆ ನೋಡಿದ್ದರು.

ದನಗಳು ಮಾತ್ರ ಎಲ್ಲೂ ಕಾಣಲಿಲ್ಲ. ಇಲ್ಲಿನವರು ಏಪ್ರಿಲ್ ಸುಮಾರಿಗೆ ಹುಲ್ಲಿಗೆ ಬೆಂಕಿ ಹಾಕುತ್ತಾರೆ. ಸುಟ್ಟ ನೆಲದಲ್ಲಿ ಬರುವ ಎಳೆ ಚಿಗುರಿಗೆ ಕರುಗಳನ್ನು ಬಿಟ್ಟು ದಪ್ಪ ಮಾಡ್ತಾರೆ. ಎಷ್ಟೋ ಕಡೆ ಜುಲೈ ಹೊತ್ತಿಗೆ ಲಾರಿ ಹತ್ತಿಸಿ ಕಳಿಸಿಬಿಡುತ್ತಾರೆ. ಆಮೇಲೆ ಹುಲ್ಲು ತನ್ನ ಪಾಡಿಗೆ ತಾನು ಬೆಳೆಯುತ್ತೆ. ಬೆಂಕಿ ಹಾಕದಿದ್ದರೆ ಕೆಲವೇ ವರ್ಷದಲ್ಲಿ ಸೀಡರ್ ಗಿಡ ಎದ್ದು ಪ್ರೇರಿ ಕಾಡಾಗಿಬಿಡುತ್ತಂತೆ. ಬಿಳಿಯರು ಬರುವ ಮೊದಲೇ ಇಲ್ಲಿನ ಮೂಲನಿವಾಸಿಗಳು ಹೀಗೆ ಸುಡುತ್ತಿದ್ದರು.

ಕ್ಯಾಸೊಡೇ ಪುಟ್ಟ ಊರು. ತಾನು ಪ್ರೇರಿ ಕೋಳಿಗಳ ರಾಜಧಾನಿ ಅಂತ ಬೋರ್ಡು ಹಾಕಿಕೊಂಡಿದೆ. ಕೋಳಿ ಒಂದೂ ಕಾಣಲಿಲ್ಲ. ಅವು ಕುಣಿಯೋದು ವಸಂತದಲ್ಲಿ. ಪಾರ್ಕಲ್ಲಿ ಟೆಂಟ್ ಹಾಕಿ ಮಲಗಿದೆವು. ರಾತ್ರಿ ತೋಳಗಳ ಚಿಕ್ಕ ನೆಂಟರಾದ ಕಾಯೋಟಿಗಳು ಊಳಿಟ್ಟವು. ಮಾಮಾನ ಗೊರಕೆ ಅದಕ್ಕಿಂತ ಜೋರಿತ್ತು.

ಭಾನುವಾರ: ನ್ಯೂಟನ್

ಗುಡ್ಡದ ಸೀಮೆ ಬೆಳಗ್ಗೆಯೇ ಮುಗಿಯಿತು. ಅಲ್ಲಿಂದ ನೆಲ ಚಪ್ಪಟೆ, ರಸ್ತೆ ಹಗ್ಗ ಹಿಡಿದು ಎಳೆದ ಹಾಗೆ ನೇರ. ಒಂದೊಂದು ಮೈಲಿಗೆ ಒಂದೊಂದು ಅಡ್ಡರಸ್ತೆ. ಸರ್ಕಾರ ಈ ಸೀಮೆಯನ್ನೆಲ್ಲ ಮೈಲಿ ಚೌಕ ಮಾಡಿ ಅಳೆದಿತ್ತು. ಒಂದು ಚೌಕ 640 ಎಕರೆ. ಅದರ ಕಾಲು ಭಾಗ, 160 ಎಕರೆ, 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಒಬ್ಬ ಒಕ್ಕಲಿಗೆ. ಅದು ಮೊದಲು ಯಾರ ನೆಲವಾಗಿತ್ತು ಅನ್ನೋ ಪ್ರಶ್ನೆಯನ್ನು ಆ ಕಾಯ್ದೆ ಕೇಳಲಿಲ್ಲ.

ಹೊಲಗಳಲ್ಲಿ ಗೋಧಿ ಬಿತ್ತೋಕೆ ತಯಾರಿ ನಡೆದಿತ್ತು. ಇಲ್ಲಿನ ಗೋಧಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿ, ಚಳಿಗಾಲ ನೆಲದಲ್ಲೇ ಕಳೆದು, ಜೂನ್‌ನಲ್ಲಿ ಕೊಯ್ಲಿಗೆ ಬರುತ್ತೆ. 1874ರಲ್ಲಿ ರಷ್ಯಾದಿಂದ ಮೆನೊನೈಟ್ ಪಂಥದ ರೈತರು ಈ ಕಡೆ ಬಂದು ನೆಲೆಸಿದರು. ಅವರ ಜೊತೆ ಬಂದ ಟರ್ಕಿ ರೆಡ್ ಅನ್ನೋ ಗಟ್ಟಿ ಗೋಧಿ ತಳಿಯಿಂದ ಕ್ಯಾನ್ಸಸ್‌ನ ಹಣೆಬರಹ ಬದಲಾಯಿತು. ಒಂದು ಹೊಲದಲ್ಲಿ ಟ್ರ್ಯಾಕ್ಟರ್ ಹಿಂದೆ ನಮ್ಮ ಮನೆಯಷ್ಟು ಅಗಲದ ಕೂರಿಗೆ ಓಡುತ್ತಿತ್ತು. ಮಾಮಾ ಹತ್ತು ನಿಮಿಷ ನಿಂತು ನೋಡಿದರು. ಊರಲ್ಲೂ ಈಗ ಹಿಂಗಾರಿ ಬಿತ್ತಿಗೆಯ ಹೊತ್ತು. ತಮ್ಮನಿಗೆ ಫೋನ್ ಹಚ್ಚಿ "ಮಳಿ ಆತೇನು? ಹದ ಐತೇನು?" ಅಂತ ವಿಚಾರಿಸಿದರು. ಅಲ್ಲಿ ಆಗ ರಾತ್ರಿ ಹತ್ತೂವರೆ.

ಸೋಮವಾರ: ಹಚಿನ್ಸನ್

ಚಿಕ್ಕ ದಿನ, 60 ಕಿ.ಮೀ. ಹಚಿನ್ಸನ್‌ನಲ್ಲಿ ಪ್ರತಿ ಸೆಪ್ಟೆಂಬರ್ ರಾಜ್ಯದ ದೊಡ್ಡ ಜಾತ್ರೆ, ಸ್ಟೇಟ್ ಫೇರ್. ಹಿಂದಿನ ದಿನವಷ್ಟೇ ಮುಗಿದಿತ್ತು. ತೊಟ್ಟಿಲು ಬಿಚ್ಚಿ ಲಾರಿಗೆ ಹೇರುತ್ತಿದ್ದರು.

ಊರಿನ ಅಂಚಿನಲ್ಲಿ ಧಾನ್ಯದ ಕಣಜ ಇದೆ. ಬಿಳಿ ಕಾಂಕ್ರೀಟ್ ಕೊಳವೆಗಳು ಸಾಲಾಗಿ, ಸುಮಾರು ಅರ್ಧ ಮೈಲಿ ಉದ್ದ. ಅದರ ಪಕ್ಕ ಸೈಕಲ್ ತುಳಿದರೆ ಮುಗಿಯೋದೇ ಇಲ್ಲ ಅನಿಸುತ್ತೆ. ಕಾಲ ಕೆಳಗೆ, 650 ಅಡಿ ಆಳದಲ್ಲಿ, ಉಪ್ಪಿನ ಗಣಿ. ಇಳಿದು ನೋಡುವ ವ್ಯವಸ್ಥೆಯೂ ಇದೆ. ನಾವು ಇಳಿಯಲಿಲ್ಲ. ಮಾಮಾಗೆ ಬೇರೆ ಕಡೆ ಹೋಗುವ ಆತುರ. ಇದೇ ಊರಿನ ಕಾಸ್ಮೋಸ್ಫಿಯರ್ ಮ್ಯೂಸಿಯಮ್ಮಿನಲ್ಲಿ ಅಪೊಲೊ 13ರ ಕ್ಯಾಪ್ಸೂಲ್ ಒಡಿಸ್ಸಿ ಇಟ್ಟಿದ್ದಾರೆ. 1970ರಲ್ಲಿ ಚಂದ್ರನ ದಾರಿಯಲ್ಲಿ ಆಕ್ಸಿಜನ್ ಟ್ಯಾಂಕ್ ಸಿಡಿದು, ಮೂವರನ್ನು ಜೀವಂತ ಭೂಮಿಗೆ ಇಳಿಸಿದ ನಿಜವಾದ ಕ್ಯಾಪ್ಸೂಲೇ ಅದು. ವಿಮಾನದ ತಗಡು ಜೋಡಿಸಿ ಜೀವನ ಕಳೆದ ಮಾಮಾ ಅದರ ಸುಟ್ಟ ತಳವನ್ನು ಬಗ್ಗಿ ಬಗ್ಗಿ ನೋಡಿದರು.

ರಾತ್ರಿ ಒಂದು ಚರ್ಚಿನಲ್ಲಿ ತಂಗಿದೆವು. ಸೈಕಲ್ ಸವಾರರಿಗೆ ಅಂತಲೇ ಮಂಚ, ಸ್ನಾನದ ಮನೆ ಇಟ್ಟಿದ್ದಾರೆ. ದುಡ್ಡು ಕೇಳಲ್ಲ, ಡಬ್ಬಿ ಇಟ್ಟಿದ್ದಾರೆ.

ಮಂಗಳವಾರ: ಲಾರ್ನೆಡ್

ನಿಕರ್ಸನ್ ದಾಟಿದ ಮೇಲೆ ಲಾರ್ನೆಡ್ ತನಕ ಸುಮಾರು 90 ಕಿ.ಮೀ. ಒಂದು ಅಂಗಡಿ ಇಲ್ಲ. ತಲಾ ಆರು ಲೀಟರ್ ನೀರು ಹೇರಿಕೊಂಡು ಹೊರಟೆವು.

ಇಲ್ಲಿಂದ ಜೋಳ ಶುರು. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯೋದು ಕ್ಯಾನ್ಸಸ್. ಇಲ್ಲಿ ಮೈಲೋ ಅಂತಾರೆ. ನಮ್ಮ ಜೋಳ ಆಳೆತ್ತರ ಬೆಳೆಯುತ್ತೆ, ಇದು ಸೊಂಟಕ್ಕೆ ನಿಲ್ಲುತ್ತೆ. ಕೊಯ್ಯುವ ಯಂತ್ರಕ್ಕೆ ಅನುಕೂಲ ಆಗಲಿ ಅಂತ ಗಿಡ್ಡ ತಳಿ ಮಾಡಿದ್ದಾರೆ. ತೆನೆ ಇಟ್ಟಿಗೆ ಕೆಂಪು. ಇಡೀ ಬಯಲು ಕೆಂಪಾಗಿ ದಿಗಂತದ ತನಕ ಹೋಗುತ್ತೆ. ರಸ್ತೆ ಬದಿ ಬಿದ್ದಿದ್ದ ಒಂದು ತೆನೆಯನ್ನು ಮಾಮಾ ಎತ್ತಿಕೊಂಡು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು.

"ಸೀತನಿ ದಾಟೇತಿ. ಕಾಳು ಬಲ್ತೈತಿ."

"ಇದನ್ನ ಇಲ್ಲಿ ಯಾರು ತಿಂತಾರೆ ಮಾಮಾ?"

"ದನ. ಇಲ್ಲಾ ಕಾರು." ದನದ ಮೇವು, ಇಲ್ಲವೇ ಎಥನಾಲ್. "ನಮ್ಮಲ್ಲಿ ಕಾಳು ಮನಷ್ಯಾಗ, ಕಣಿಕಿ ದನಕ್ಕ. ಇಲ್ಲಿ ಕಾಳು ದನಕ್ಕ, ಕಣಿಕಿ ಹೊಲಕ್ಕ. ಎಲ್ಲಾ ಉಲ್ಟಾ." ಕಣಿಕಿ ಅಂದರೆ ಜೋಳದ ಒಣ ದಂಟು. ಈ ಮಾತನ್ನು ಅವರು ಈ ದೇಶಕ್ಕೆ ಬಂದಾಗಿನಿಂದ ಹೇಳುತ್ತಿದ್ದಾರೆ ಅಂತ ಆಮೇಲೆ ಅತ್ತೆ ಹೇಳಿದರು.

ಹಾದಿ ಹತ್ತಿರವೇ ಕ್ವಿವಿರಾ ಅನ್ನೋ ಪಕ್ಷಿಧಾಮ. 22,000 ಎಕರೆ ದಾಟುವ ಜಾಗ, ನಡುವೆ ಉಪ್ಪುನೀರಿನ ಜೌಗು. ಕೆನಡಾದಿಂದ ದಕ್ಷಿಣಕ್ಕೆ ಹೋಗುವ ಹಕ್ಕಿಗಳು ಇಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಂಡು ಹೋಗುತ್ತವೆ. ಕೊಕ್ಕರೆ, ಉಲ್ಲಂಕಿ, ಹೆಸರು ಗೊತ್ತಿಲ್ಲದ ಸಣ್ಣ ಕಾಲಿನ ಎಷ್ಟೋ ಹಕ್ಕಿಗಳು. 1541ರಲ್ಲಿ ಕೊರೊನಾಡೊ ಅನ್ನೋ ಸ್ಪೇನಿನವನು ಕ್ವಿವಿರಾದಲ್ಲಿ ಚಿನ್ನ ಇದೆ ಅಂತ ಯಾರದೋ ಮಾತು ನಂಬಿ ಮೆಕ್ಸಿಕೋ ಕಡೆಯಿಂದ ದಂಡು ಕಟ್ಟಿಕೊಂಡು ಈ ಸೀಮೆಗೆ ಬಂದಿದ್ದ. ಸಿಕ್ಕಿದ್ದು ಹುಲ್ಲಿನ ಮನೆಗಳ ಊರು. ನಮಗೆ ಸಿಕ್ಕಿದ್ದು ಸೊಳ್ಳೆ. ಓಡುವ ಸೈಕಲ್ಲನ್ನೂ ಬಿಡದ ಸೊಳ್ಳೆ ನಾನು ನೋಡಿದ್ದು ಇಲ್ಲೇ.

ಊಟಕ್ಕೆ ಅಂತ ಮಣ್ಣಿನ ಅಂಚಿಗೆ ಸೈಕಲ್ ಇಳಿಸಿ ವಾಪಸ್ ಹತ್ತಿಸಿದರೆ ಹಿಂದಿನ ಚಕ್ರ ಪುಸ್ ಅಂತ ಕೂತಿತು. ಟೈರ್ ತಿರುಗಿಸಿ ನೋಡಿದರೆ ಒಂದಲ್ಲ, ಏಳೆಂಟು ಮುಳ್ಳು. ಇಲ್ಲಿನ ಸೈಕಲ್ ಸವಾರರು ಗೋಟ್‌ಹೆಡ್ ಅಂತ ಹೆಸರು ಹೇಳಿ ಬೈಯುವ ಮುಳ್ಳು. ಮಾಮಾ ಒಂದನ್ನು ಕಿತ್ತು ಬೆಳಕಿಗೆ ಹಿಡಿದರು. ಎರಡು ಗಟ್ಟಿ ಕೊಂಬು, ಹೇಗೆ ಬಿದ್ದರೂ ಒಂದು ಮೇಲಕ್ಕೇ ಇರುತ್ತೆ.

"ಏ ಅಳಿಯಾ, ಇದು ನೆಗ್ಗಿಲ ಮುಳ್ಳಲ್ಲೋ!"

ಅದೇ. ಹಳದಿ ಹೂವು, ನೆಲಕ್ಕೆ ಹಬ್ಬುವ ಬಳ್ಳಿ, ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ಅದೇ ನೆಗ್ಗಿಲು. ಅಮೆರಿಕದ ಗಿಡವೇ ಅಲ್ಲ, ಹಳೇ ಪ್ರಪಂಚದಿಂದ ಬಂದು ಇಲ್ಲಿ ಬೇರೂರಿದ್ದು. ವೀಸಾ ಇಲ್ಲದೆ ಬಂದಿದ್ದು ಇದೊಂದೇ ನೋಡು ಅಂತ ಮಾಮಾ ನಕ್ಕರು. ನಾನು ನಗಲಿಲ್ಲ, ಟ್ಯೂಬ್ ಬದಲಾಯಿಸುತ್ತಿದ್ದೆ. ಟೈರಿನ ಒಳಗೆ ಬಟ್ಟೆ ಹಾಕಿ ಸುತ್ತಲೂ ಒರೆಸಬೇಕು, ಮುರಿದ ತುದಿ ಒಳಗೆ ಉಳಿದಿದ್ದರೆ ಬಟ್ಟೆಗೆ ಸಿಕ್ಕುತ್ತೆ. ಅದು ಮಾಡದೆ ಹೊಸ ಟ್ಯೂಬ್ ಹಾಕಿದರೆ ಎರಡು ಕಿ.ಮೀ.ಗೆ ಅದೂ ಹೋಗುತ್ತೆ.

ದಕ್ಷಿಣದ ಗಾಳಿ ದಿನವಿಡೀ ಎಡಗಡೆಯಿಂದ ಬೀಸಿತು. ಲಾರ್ನೆಡ್ ಮುಟ್ಟಿದಾಗ ನನ್ನ ಎಡಕಿವಿ ಕೇಳಿಸುತ್ತಿರಲಿಲ್ಲ.

ಬುಧವಾರ: ನೆಸ್ ಸಿಟಿ

ಬೆಳಗ್ಗೆ ಊರಾಚೆ ಫೋರ್ಟ್ ಲಾರ್ನೆಡ್‌ಗೆ ಹೋಗಿ ಬಂದೆವು. ಸಾಂತಾ ಫೆ ವ್ಯಾಪಾರ ದಾರಿಯ ಬಂಡಿಗಳಿಗೆ ಕಾವಲು ಇರಲಿ ಅಂತ 1859ರಲ್ಲಿ ಹಾಕಿದ ಠಾಣೆ. ಮರಳುಗಲ್ಲಿನ ಕಟ್ಟಡಗಳು ಹಾಗೇ ಇವೆ. ರೈಲು ಬಂತು, ಬಂಡಿ ನಿಂತಿತು, 1878ರಲ್ಲಿ ಸೈನ್ಯ ಜಾಗ ಖಾಲಿ ಮಾಡಿತು.

ರಶ್ ಸೆಂಟರ್ ಹತ್ತಿರ ಬರುತ್ತಿದ್ದ ಹಾಗೆ ಬೇಲಿ ಬದಲಾಯಿತು. ಮರದ ಗೂಟ ಹೋಗಿ ಕಲ್ಲಿನ ಕಂಬ ಬಂದವು. ಮೈಲಿಗಟ್ಟಲೆ, ಜೇನು ಬಣ್ಣದ ಕಲ್ಲು, ಎದೆ ಮಟ್ಟದ ಎತ್ತರ. ನಾವಿಬ್ಬರೂ ಇಳಿದು ಮುಟ್ಟಿ ನೋಡಿದೆವು. ಒಂದು ಅಂಚಿನಲ್ಲಿ ಸಾಲಾಗಿ ಅರ್ಧ ತೂತುಗಳ ಗುರುತು, ಒಂದಕ್ಕೊಂದು ಗೇಣು ಅಂತರದಲ್ಲಿ. ಇಲ್ಲಿ ನೆಲೆಸಿದವರಿಗೆ ಬೇಲಿಗೆ ಮರವೇ ಇರಲಿಲ್ಲ. ಮೇಲ್ಮಣ್ಣು ಸರಿಸಿದರೆ ಒಂದೇ ದಪ್ಪದ ಸುಣ್ಣಕಲ್ಲಿನ ಪದರ ಸಿಗುತ್ತಿತ್ತು. ಅದರಲ್ಲಿ ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು, ಒಂದೊಂದಕ್ಕೇ ಸರದಿಯಲ್ಲಿ ಪೆಟ್ಟು ಕೊಡುತ್ತಾ ಹೋದರೆ ಕಲ್ಲು ಗೆರೆ ಹಿಡಿದು ಸೀಳುತ್ತೆ. ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಒಣಗುತ್ತಾ ಗಟ್ಟಿಯಾಗುತ್ತೆ. ಮುಳ್ಳುತಂತಿ ಕಟ್ಟೋಕೆ ಅಂಚಿನಲ್ಲಿ ಕಚ್ಚು ಮಾಡಿದ್ದಾರೆ. ನೂರು ವರ್ಷ ದಾಟಿದ ಕಂಬಗಳು ಇವತ್ತೂ ದನ ತಡೆಯುತ್ತಿವೆ. ಮಾಮಾ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂತು ರೊಟ್ಟಿ ಮುರಿದರು. ಆ ಸೀಮೆಯಲ್ಲಿ ಮಧ್ಯಾಹ್ನದ ನೆರಳು ಅಂದರೆ ಅಷ್ಟೇ ಅಗಲ.

ಅಲ್ಲಿಂದ ಹೆದ್ದಾರಿ 96. ಇನ್ನು ಕೊನೇ ತನಕ ಇದೇ ರಸ್ತೆ. ದನ ತುಂಬಿದ ಲಾರಿಗಳು ಇಲ್ಲಿ ಜಾಸ್ತಿ. ಅಡ್ಡಗಾಳಿಯ ದಿನ ಲಾರಿ ಹಿಂದಿನಿಂದ ಬಂದರೆ ಏನಾಗುತ್ತೆ ಅಂತ ಹೇಳ್ತೀನಿ. ಎಡದಿಂದ ಬೀಸುವ ಗಾಳಿಗೆ ನೀವು ಎಡಕ್ಕೇ ವಾಲಿ ತುಳಿಯುತ್ತಿರುತ್ತೀರಿ. ಇಲ್ಲಿ ರಸ್ತೆಯ ಬಲಬದಿ ಹಿಡಿದು ಹೋಗೋದು, ಲಾರಿ ಎಡಪಕ್ಕಕ್ಕೆ ಬಂದ ಕೂಡಲೇ ಗಾಳಿ ಮಾಯ. ವಾಲಿದ ಸೈಕಲ್ ಲಾರಿ ಕಡೆಗೇ ಹೋಗುತ್ತೆ. ಮುಂದಿನ ಕ್ಷಣ ಲಾರಿ ದಾಟುತ್ತೆ, ಗಾಳಿ ವಾಪಸ್ ಬಂದು ಬಲಕ್ಕೆ ಹುಲ್ಲಿನೊಳಗೆ ನೂಕುತ್ತೆ. ಜೊತೆಗೆ ಸಗಣಿಯ ತುಂತುರು ಉಚಿತ. ಆದರೆ ಡ್ರೈವರುಗಳು ಒಳ್ಳೆಯವರು. ರಸ್ತೆ ಖಾಲಿ ಇದ್ದರೆ ಪೂರಾ ಆಚೆ ಬದಿಗೆ ಹೋಗುತ್ತಾರೆ. ಎದುರು ಬರುವವರು ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ಮಾಮಾ ಪ್ರತಿಯೊಬ್ಬರಿಗೂ ಕೈ ಎತ್ತುತ್ತಿದ್ದರು, ಅಡ್ಡಗಾಳಿಯಲ್ಲೂ. ನನಗೆ ಎದೆ ಢವಢವ.

ಇಲ್ಲಿನ ಊರುಗಳು ಬರುವ ರೀತಿಯೇ ಬೇರೆ. ಮೊದಲು ದಿಗಂತದಲ್ಲಿ ಧಾನ್ಯದ ಕಣಜದ ಬಿಳಿ ಚುಕ್ಕೆ. ಅದು ಕಂಡಮೇಲೆ ಇನ್ನೂ ಮುಕ್ಕಾಲು ಗಂಟೆ ತುಳಿಯಬೇಕು. ಆಮೇಲೆ ನೀರಿನ ಟ್ಯಾಂಕು, ಮರಗಳು, ಕೊನೆಗೆ ಊರು. ನೆಸ್ ಸಿಟಿಯಲ್ಲಿ 1890ರಲ್ಲಿ ಮುಗಿದ ನಾಲ್ಕು ಅಂತಸ್ತಿನ ಸುಣ್ಣಕಲ್ಲಿನ ಬ್ಯಾಂಕ್ ಕಟ್ಟಡ ಇದೆ. ಬಯಲಿನ ಗಗನಚುಂಬಿ ಅಂತ ಬಿರುದು. ನಗು ಬರುತ್ತೆ. ದಿನವಿಡೀ ಸೊಂಟದೆತ್ತರದ ಜೋಳ ನೋಡಿ ಬಂದು ಅದರ ಮುಂದೆ ನಿಂತರೆ ನಗು ನಿಲ್ಲುತ್ತೆ.

ಗುರುವಾರ: ಸ್ಕಾಟ್ ಸಿಟಿ

ರಾತ್ರಿ ಗಾಳಿ ತಿರುಗಿತು. ಉತ್ತರದಿಂದ ಚಳಿ ನುಗ್ಗಿ, ಬೆಳಗ್ಗೆ ಟೆಂಟಿನಿಂದ ಕೈ ಹೊರಗೆ ಹಾಕೋಕೆ ಮನಸ್ಸಾಗಲಿಲ್ಲ. ಇವತ್ತು ಬಲಕಿವಿಯ ಸರದಿ.

ನೆಸ್ ಸಿಟಿಯಿಂದ ಸ್ವಲ್ಪ ಪಶ್ಚಿಮಕ್ಕೆ 100ನೇ ರೇಖಾಂಶ ಹಾದುಹೋಗುತ್ತೆ. ಭೂಗೋಳದವರು ಹಸಿ ಪೂರ್ವಕ್ಕೂ ಒಣ ಪಶ್ಚಿಮಕ್ಕೂ ಗಡಿ ಅಂತ ಹೇಳುವ ಗೆರೆ. ಕ್ಯಾನ್ಸಸ್‌ನ ಪೂರ್ವದ ತುದಿಯಲ್ಲಿ ವರ್ಷಕ್ಕೆ 1,000 ಮಿ.ಮೀ. ಮೇಲೆ ಮಳೆ. ಪಶ್ಚಿಮದ ತುದಿಯಲ್ಲಿ ಅದರ ಅರ್ಧವೂ ಇಲ್ಲ, ನಮ್ಮ ವಿಜಯಪುರಕ್ಕಿಂತ ಕಡಿಮೆ. ನೆಲದ ಮೇಲೆ ಗೆರೆ ಏನೂ ಕಾಣಲ್ಲ. ಆದರೆ ಶನಿವಾರ ಭುಜಕ್ಕಿದ್ದ ಹುಲ್ಲು ಈಗ ಮೊಣಕಾಲಿಗೆ ಇಳಿದಿತ್ತು. ಕಾರಲ್ಲಿ ಬಂದಿದ್ದರೆ ಇದು ಒಂದು ಬೆಳಗ್ಗೆಯಲ್ಲಿ ಮುಗಿದು ಗೊತ್ತೇ ಆಗುತ್ತಿರಲಿಲ್ಲ.

ಬೀಲರ್ ಅನ್ನೋ ಪುಟ್ಟ ಊರಿನ ಹತ್ತಿರ ರಸ್ತೆ ಬದಿ ಒಂದು ಫಲಕ. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಇಲ್ಲಿ ಹೊಲ ಮಾಡಿದ್ದ ಅಂತ. ಗುಲಾಮರ ಮನೆಯಲ್ಲಿ ಹುಟ್ಟಿದ ಹುಡುಗ. ಕ್ಯಾನ್ಸಸ್‌ನ ಒಂದು ಕಾಲೇಜು ಪತ್ರದಲ್ಲಿ ಸೀಟು ಕೊಟ್ಟು, ಬಂದಮೇಲೆ ಕಪ್ಪು ಮೈಬಣ್ಣ ನೋಡಿ ಬಾಗಿಲು ಹಾಕಿತು. 1886ರಲ್ಲಿ ಇಲ್ಲಿಗೆ ಬಂದು 160 ಎಕರೆ ಹಿಡಿದ. ಮರ ಇಲ್ಲ, ಕಲ್ಲೂ ಹತ್ತಿರ ಇಲ್ಲ. ಹುಲ್ಲಿನ ಬೇರು ಬಿಗಿದಿದ್ದ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕೊಯ್ದು ಜೋಡಿಸಿ 14 ಅಡಿಗೆ 14 ಅಡಿ ಮನೆ ಕಟ್ಟಿಕೊಂಡ. ಕೆಲವು ವರ್ಷ ಬರ, ಹಿಮ ತಿಂದು ಬಿಟ್ಟು ಹೋದ. ಮುಂದೆ ಓದಿ, ಅಲಬಾಮಾದ ಟಸ್ಕೀಗಿಯಲ್ಲಿ ಪಾಠ ಹೇಳುತ್ತಾ, ಹತ್ತಿ ಬೆಳೆದು ಸೊರಗಿದ ನೆಲಕ್ಕೆ ಶೇಂಗಾ ಹಾಕಿ ಅಂತ ಬಡ ರೈತರಿಗೆ ಹೇಳಿಕೊಟ್ಟ. ಶೇಂಗಾದಿಂದ ನೂರಾರು ಪದಾರ್ಥ ಮಾಡಿ ತೋರಿಸಿದ.

ನಾನು ಫಲಕ ಓದಿ ಹೇಳುತ್ತಿದ್ದೆ. ಮಾಮಾ ಅದರ ಮರೆಯಲ್ಲಿ ಗಾಳಿಗೆ ಬೆನ್ನು ಮಾಡಿ ಕೂತು, ರೊಟ್ಟಿ ಮೇಲೆ ಶೇಂಗಾ ಹಿಂಡಿ ಸುರುವಿ, ಮೊಸರು ಕಲಸಿಕೊಳ್ಳುತ್ತಿದ್ದರು. ಕೈ ನಿಂತಿತು.

"ಶೇಂಗಾದಿಂದ ನೂರಾರು ಮಾಡ್ಯಾನಂದ್ರ ಹಿಂಡೀನೂ ಮಾಡಿರಬೇಕಲ್ಲಪಾ?"

ಕಾರ್ವರ್‌ನ ಪಟ್ಟಿಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದ್ದು ಇದೆಯೋ ಇಲ್ಲವೋ ಅಂತ ಡೈಟನ್ ಊರು ಬರುವ ತನಕ ಚರ್ಚೆ ನಡೆಯಿತು. ಎದುರು ಗಾಳಿ ಇರಲಿಲ್ಲವಲ್ಲ, ಮಾತಿಗೆ ಉಸಿರಿತ್ತು. ಚಳಿಗಾಳಿಯ ಜೊತೆ ಮೊನಾರ್ಕ್ ಚಿಟ್ಟೆಗಳು ಒಂದೊಂದಾಗಿ ರಸ್ತೆ ದಾಟಿ ದಕ್ಷಿಣಕ್ಕೆ ಹೋಗುತ್ತಿದ್ದವು. ಮೆಕ್ಸಿಕೋದ ಬೆಟ್ಟಗಳ ತನಕ ಹೋಗಬೇಕು ಅವು. ಕಾಲಿಗೆ, ಚಕ್ರದ ಕಡ್ಡಿಗಳಿಗೆ ಮಿಡತೆಗಳು ಪಟಪಟ ಬಡಿಯುತ್ತಿದ್ದವು.

ಶುಕ್ರವಾರ: ಟ್ರಿಬ್ಯೂನ್

ಸ್ಕಾಟ್ ಸಿಟಿ ಬರುವ ಮೊದಲೇ ಮೂಗಿಗೆ ಗೊತ್ತಾಗಿತ್ತು. ದನ ಕೊಬ್ಬಿಸುವ ಫೀಡ್‌ಲಾಟುಗಳು. ಸಾವಿರಾರು ದನ ದೊಡ್ಡಿಯಲ್ಲಿ ನಿಂತು ಜೋಳ ಮೆಲ್ಲುತ್ತಿರುತ್ತವೆ. ಮಂಗಳವಾರ ನೋಡಿದ ಕೆಂಪು ತೆನೆ ಕೊನೆಗೆ ಬರೋದು ಇಲ್ಲಿಗೇ.

ಇಷ್ಟು ಕಡಿಮೆ ಮಳೆಯಲ್ಲಿ ಇಷ್ಟೊಂದು ಬೆಳೆ ಹೇಗೆ? ನೆಲದ ಕೆಳಗಿನ ಓಗಲಾಲಾ ಜಲಪದರ. ಹೊಲದ ನಡುವೆ ಬೋರ್‌ವೆಲ್, ಅದರ ಸುತ್ತ ಗಡಿಯಾರದ ಮುಳ್ಳಿನ ಹಾಗೆ ತಿರುಗುವ ಉದ್ದನೆ ಕೊಳವೆ. 160 ಎಕರೆಯ ಚೌಕದಲ್ಲಿ ಹಸಿರು ವೃತ್ತ, ಮೂಲೆಗಳು ಒಣ. ಇಲ್ಲಿ ಆ ನೀರು ಮಳೆಯಿಂದ ತುಂಬೋದು ತೀರಾ ನಿಧಾನ, ಎತ್ತೋದು ಜೋರು. ಕೊಳವೆ ಎತ್ತಿಬಿಟ್ಟ ಹೊಲಗಳನ್ನೂ ನೋಡಿದೆವು. ಅಲ್ಲಿ ಮತ್ತೆ ಮಳೆ ನಂಬಿದ ಗೋಧಿ, ಮೈಲೋ. ಹೋಟೆಲ್ಲಿನಲ್ಲಿ ಪ್ಯಾನ್‌ಕೇಕ್ ತಿನ್ನುವಾಗ ಪಕ್ಕದ ಟೇಬಲ್ಲಿನ ಅಜ್ಜ ಒಬ್ಬರು ಮಾಮಾನ ಜೊತೆ ಮಾತಿಗೆ ಬಿದ್ದರು. ಅಪ್ಪನ ಕಾಲದ ಬಾವಿ, ತನ್ನ ಕಾಲದ ಬಾವಿ, ಎಷ್ಟು ಆಳ ಹೋಯಿತು ಅಂತ. ಮಾಮಾ ನಮ್ಮ ಕಡೆಯ ಬೋರ್‌ವೆಲ್ ಕಥೆ ತೆಗೆದರು. ಇಬ್ಬರೂ ಅಡಿಗಳ ಲೆಕ್ಕದಲ್ಲಿ ಅರ್ಧ ಗಂಟೆ ಕಳೆದರು. ನಮ್ಮ ಬಿಲ್ಲನ್ನು ಅಜ್ಜನೇ ಕೊಟ್ಟು ಹೋದರು.

ಮೈಲೋ ಕೊಯ್ದಮೇಲೂ ಕಣಿಕೆ ಹೊಲದಲ್ಲೇ ಯಾಕೆ ಬಿಡ್ತಾರೆ ಅಂತ ಕೇಳಿದ್ದಕ್ಕೆ ಅಜ್ಜನ ಉತ್ತರ ಒಂದೇ ಪದ: ಗಾಳಿ. 1930ರ ದಶಕದಲ್ಲಿ ಉತ್ತು ಬರಿದು ಮಾಡಿದ ಇದೇ ಬಯಲಿನ ಮಣ್ಣು ಎದ್ದು ಹಾರಿತ್ತು. 1935ರ ಏಪ್ರಿಲ್ 14ರಂದು ಹಗಲಲ್ಲೇ ಕತ್ತಲಾಯಿತು. ಆ ದಿನಕ್ಕೆ ಕಪ್ಪು ಭಾನುವಾರ ಅಂತಲೇ ಹೆಸರು. ಕಣಿಕೆ ಕೂಳೆ ನಿಂತಿದ್ದರೆ ಮಣ್ಣು ಕೂತಿರುತ್ತೆ, ಹಿಮವೂ ಹಿಡಿಯುತ್ತೆ. ಮಾಮಾ ಆಮೇಲೆ 'ಎಲ್ಲಾ ಉಲ್ಟಾ' ಅನ್ನಲಿಲ್ಲ. ಕನಿಷ್ಠ ಆ ದಿನ.

ಲಿಯೋಟಿ ದಾಟಿ ಗ್ರೀಲಿ ಕೌಂಟಿ ಮುಟ್ಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಪತ್ರಿಕೆ ಸಂಪಾದಕ ಹೊರೇಸ್ ಗ್ರೀಲಿಯ ಹೆಸರು ಕೌಂಟಿಗೆ, ಅವನ ಪತ್ರಿಕೆಯ ಹೆಸರು ಟ್ರಿಬ್ಯೂನ್ ಊರಿಗೆ, ಪಕ್ಕದ ಊರು ಹೊರೇಸ್. ಹುಲ್ಲು ಈಗ ಹಿಮ್ಮಡಿಗಷ್ಟೇ. ಬಫಲೋ ಗ್ರಾಸ್, ಗ್ರಾಮಾ. ಕ್ಯಾನ್ಸಸ್ ಚಪ್ಪಟೆ ಅನ್ನುವವರಿಗೆ ಒಂದು ಲೆಕ್ಕ: ಯುರೇಕಾ ಸಮುದ್ರಮಟ್ಟದಿಂದ 330 ಮೀಟರ್ ಆಸುಪಾಸು, ಟ್ರಿಬ್ಯೂನ್ 1,100. ಕಣ್ಣಿಗೆ ಕಾಣದ ಏರು, ತೊಡೆಗೆ ಗೊತ್ತು.

ಶನಿವಾರ: ಈಡ್ಸ್

ಕತ್ತಲಲ್ಲೇ ಹೊರಟೆವು. ಗಾಳಿ ಬಿದ್ದಿತ್ತು. ಕೊಲರಾಡೋ ಗಡಿಯಲ್ಲಿ ಬೋರ್ಡಿನ ಮುಂದೆ ಫೋಟೋ. ರಸ್ತೆಯ ನಂಬರೂ ಬದಲಾಗಲ್ಲ, 96ಕ್ಕೆ 96.

ಹತ್ತಿರ ಹತ್ತಿರ ಮಧ್ಯಾಹ್ನ ಚಿವಿಂಗ್ಟನ್‌ನಲ್ಲಿ ಅತ್ತೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಬೆಳಗಿನ ಜಾವ ವಿಚಿಟಾ ಬಿಟ್ಟಿದ್ದರು. ಊರು ಅನ್ನೋಕೆ ನಾಲ್ಕು ಪಾಳು ಗೋಡೆ. ಸೈಕಲ್ ಬೀಗ ಹಾಕಿ, ಮಣ್ಣುರಸ್ತೆಯಲ್ಲಿ ಕಾರಲ್ಲೇ ಸ್ಯಾಂಡ್ ಕ್ರೀಕ್‌ಗೆ ಹೋದೆವು.

1864ರ ನವೆಂಬರ್ 29ರ ಬೆಳಗ್ಗೆ ಕರ್ನಲ್ ಜಾನ್ ಚಿವಿಂಗ್ಟನ್‌ನ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದ ಶಾಯೆನ್ ಮತ್ತು ಅರಾಪಹೋ ಜನರ ಮೇಲೆ ಬಿದ್ದರು. ಮುಖಂಡ ಬ್ಲ್ಯಾಕ್ ಕೆಟಲ್ ತನ್ನ ಗುಡಾರದ ಮೇಲೆ ಅಮೆರಿಕದ ಬಾವುಟವನ್ನೂ ಬಿಳಿ ಬಾವುಟವನ್ನೂ ಏರಿಸಿದ್ದ. ಸತ್ತವರು 230ಕ್ಕೂ ಹೆಚ್ಚು, ಅರ್ಧಕ್ಕಿಂತ ಜಾಸ್ತಿ ಹೆಂಗಸರು, ಮಕ್ಕಳು. ಕ್ಯಾಪ್ಟನ್ ಸೈಲಸ್ ಸೋಲ್ ತನ್ನ ತುಕಡಿಗೆ ಗುಂಡು ಹಾರಿಸಲು ಹೇಳಲಿಲ್ಲ. ನಡೆದದ್ದನ್ನು ಪತ್ರ ಬರೆದು ಹೊರಗೆ ಹಾಕಿದ, ವಿಚಾರಣೆಯಲ್ಲಿ ಸಾಕ್ಷಿ ಹೇಳಿದ. 1865ರಲ್ಲಿ ಡೆನ್ವರ್ ಬೀದಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಊರಿಗೆ ಇಟ್ಟ ಹೆಸರು ಕರ್ನಲ್ಲನದು. ರಾಷ್ಟ್ರೀಯ ಸ್ಮಾರಕವಾಗಿ ಈ ಜಾಗ ತೆರೆದದ್ದು 2007ರಲ್ಲಿ, ಅಷ್ಟು ತಡವಾಗಿ. ದಿಬ್ಬದ ಮೇಲಿಂದ ಒಣ ಹಳ್ಳದ ಪಾತ್ರ ಕಾಣುತ್ತೆ, ಕಾಟನ್‌ವುಡ್ ಮರಗಳಿವೆ. ಹಳ್ಳಕ್ಕೆ ಇಳಿಯೋಕೆ ಬಿಡಲ್ಲ, ಅದು ಸರಿ. 'ಏನೂ ಇಲ್ಲ' ಅನ್ನುವ ಸೈಕಲ್ ಸವಾರರಲ್ಲಿ ಎಷ್ಟು ಜನ ಈ ತಿರುವಿನಲ್ಲಿ ತಿರುಗಿದ್ದಾರೋ.

ವಾಪಸ್ ಬಂದು ಕೊನೆಯ 20 ಕಿ.ಮೀ. ಸೈಕಲ್ ಮೇಲೇ ಮುಗಿಸಿದೆವು. ಅತ್ತೆ ಮುಂದೆ ಹೋಗಿ ಈಡ್ಸ್‌ನಲ್ಲಿ ಮೋಟೆಲ್ ಹಿಡಿದು, ಚಿತ್ರಾನ್ನದ ಡಬ್ಬಿ ಬಿಚ್ಚಿಟ್ಟಿದ್ದರು.

ಊಟದ ಮೇಲೆ ಮಾಮಾ ಮ್ಯಾಪ್ ಹರಡಿಕೊಂಡರು. ಈ ಸಾಲಿನ ಊರುಗಳಿಗೆ ರೈಲ್ವೆಯವರು ಅಕ್ಷರಮಾಲೆ ಹಿಡಿದು ಹೆಸರಿಟ್ಟಿದ್ದಾರೆ: ಬ್ರ್ಯಾಂಡನ್, ಚಿವಿಂಗ್ಟನ್, ಈಡ್ಸ್. ಬಿ, ಸಿ, ಇ.

"ಮುಂದ ಜಿ ಗ್ಯಾಲಟೀ, ಎಚ್ ಹ್ಯಾಸ್ವೆಲ್. ಪ್ಯೂಬ್ಲೋ ತನಕ ಹೋಗಿಬಿಡೂಣೇನೋ ಅಳಿಯಾ? ಇನ್ನ ಎರಡ ದಿನ."

ನನಗೆ ಸೋಮವಾರ ಆಫೀಸು. ನಾನು ಬಾಯಿ ಬಿಡುವ ಮೊದಲೇ ಅತ್ತೆ ಡಬ್ಬಿ ಮುಚ್ಚಿದರು.

"ನೀವು ಝಡ್ ತನಕ ಹೋಗ್ರಿ. ರೊಟ್ಟಿ ಖಾಲಿ ಆಗ್ಯಾವ, ಕಾರು ನಾಳೆ ಆರಕ್ಕ ಹೊಳ್ಳತೈತಿ."

ಮಾಮಾ ಚೀಲ ತೆರೆದು ನೋಡಿದರು. ತಳದಲ್ಲಿ ಚೂರು ಮಾತ್ರ ಇತ್ತು. ಮ್ಯಾಪ್ ಮಡಚಿ, ಆರೂವರೆಗೆ ಮಾಡು ಅಂತ ಚೌಕಾಸಿ ಶುರು ಮಾಡಿದರು.